ಮನೆಯಲ್ಲೇ ಪಿಯುಸಿ ಮಟ್ಟದ ಕೆಮಿಸ್ಟ್ರಿ: ಎನ್‌ಐಒಎಸ್ ಪಠ್ಯ ಹೇಗಿದೆ?

ಮಗಳು ಮನೆಯಲ್ಲೇ ಓದುತ್ತಾಳೆ. 12ನೇ ತರಗತಿ ಪರೀಕ್ಷೆಗೆ ಎನ್‌ಐಒಎಸ್ (ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ) ಕೆಮಿಸ್ಟ್ರಿ ತಗೊಂಡಿದ್ದೇವೆ, ವಿಷಯದ ಕೋಡ್ 313. ಪಾಠಗಳು ಅವರ ವೆಬ್‌ಸೈಟಿನಲ್ಲಿ ಉಚಿತ. ನನಗೆ ತುಂಬಾ ಇಷ್ಟವಾಗಿದ್ದು, ಪಾಠದ ನಡುನಡುವೆ ಸಣ್ಣ ಪ್ರಶ್ನೆಗಳಿವೆ, ಉತ್ತರ ಪಾಠದ ಕೊನೆಯಲ್ಲೇ ಇದೆ, ಹಾಗಾಗಿ ಪಕ್ಕದಲ್ಲಿ ಟೀಚರ್ ಇಲ್ಲದಿದ್ದರೂ ಮಗು ತನಗೆ ಎಷ್ಟು ಅರ್ಥವಾಯಿತು ಅಂತ ತಾನೇ ನೋಡಿಕೊಳ್ಳಬಹುದು. ಮನೆಪಾಠಕ್ಕೆ ಬೇಕಾದದ್ದು ಇದೇ ಅಲ್ವಾ?

ಆದರೆ ಇದೊಂದೇ ಸಾಲದು. ಮೋಲ್ ಲೆಕ್ಕ, ಸಮತೋಲನ, ಆರ್ಗ್ಯಾನಿಕ್ ಇವಕ್ಕೆ ಎನ್‌ಸಿಇಆರ್‌ಟಿಯ 11 ಮತ್ತು 12ರ ಪುಸ್ತಕ ಜೊತೆಗಿರಲಿ, ಅಭ್ಯಾಸದ ಲೆಕ್ಕಗಳು ಚೆನ್ನಾಗಿವೆ. ನೀಟ್ ಅಥವಾ ಸಿಇಟಿ ಯೋಚನೆ ಇದ್ದರಂತೂ ಅದು ಬೇಕೇ ಬೇಕು. 2022ರ ಪರಿಷ್ಕರಣೆಯಲ್ಲಿ 12ರ ಪುಸ್ತಕದಿಂದ ಘನಸ್ಥಿತಿ, ಪಾಲಿಮರ್ ಅಧ್ಯಾಯಗಳನ್ನು ತೆಗೆದರು. ನನಗೆ ಅದು ಬೇಸರದ ವಿಷಯ, ಪ್ಲಾಸ್ಟಿಕ್ ಬಗ್ಗೆ ಓದದ ಕೆಮಿಸ್ಟ್ರಿ ಎಂಥದ್ದು? ಹಳೆಯ ಮುದ್ರಣ ಸಿಕ್ಕರೆ ಬಿಡಬೇಡಿ.

ಕಷ್ಟ ಇರುವುದು ಲ್ಯಾಬಿನಲ್ಲಿ. ಥಿಯರಿಗೆ 80, ಪ್ರಾಕ್ಟಿಕಲ್‌ಗೆ 20 ಅಂಕ. ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಮಾಡಿರುವ ಓಲ್ಯಾಬ್ಸ್ ಎಂಬ ಆನ್‌ಲೈನ್ ಲ್ಯಾಬಿನಲ್ಲಿ ಟೈಟ್ರೇಷನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದರ ಸಾಂದ್ರತೆ ಅಳೆಯುವುದು) ಕ್ರಮ ಕಲಿಯಬಹುದು, ಅದೂ ಉಚಿತ. ಆದರೆ ಬ್ಯುರೆಟ್ಟಿನ (ಅಳತೆ ಗುರುತಿನ ಗಾಜಿನ ಕೊಳವೆಯ) ಹನಿ ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಬರಬೇಕು, ಸ್ಕ್ರೀನ್ ನೋಡಿದರೆ ಬರಲ್ಲ. ಅದಕ್ಕೇ ದಾಖಲಾಗುವಾಗ, ಲ್ಯಾಬ್ ಅಭ್ಯಾಸ ಮಾಡಿಸುವ ಎನ್‌ಐಒಎಸ್ ಸ್ಟಡಿ ಸೆಂಟರಿಗೆ ಖುದ್ದಾಗಿ ಹೋಗಿ, ಲ್ಯಾಬ್ ತೋರಿಸಿ ಅಂತ ಕೇಳಿ. ಸುಮ್ನೆ ಮನೆಗೆ ಹತ್ತಿರ ಅಂತ ಆರಿಸಬೇಡಿ.