ಬೈಪಾಸ್ ಆದಮೇಲೆ ಕಬ್ಬಿಣದ ಮಾತ್ರೆಯೋ, ಡ್ರಿಪ್ಪೋ?

ಡೊಂಬಿವಲಿಯ ನಮ್ಮ ಅಕ್ಕನಿಗೆ ತೂಕ ಇಳಿಸುವ ಬೈಪಾಸ್ ಆಗಿ 2 ವರ್ಷ. ಸ್ಟೇಷನ್ ಸೇತುವೆ ಹತ್ತಿದರೆ ಏದುಸಿರು, ಕಾರಣ ಕಬ್ಬಿಣದ ಕೊರತೆ. ಮಾತ್ರೆ ಅಗ್ಗ, ಆದರೆ ಕಬ್ಬಿಣವನ್ನು ಜಾಸ್ತಿ ಹೀರುವ ಸಣ್ಣ ಕರುಳಿನ ಮೊದಲ ಭಾಗವನ್ನೇ ಈ ಆಪರೇಷನ್ ಬಿಟ್ಟು ಮುಂದೆ ಜೋಡಿಸುತ್ತದೆ, ಹೊಟ್ಟೆಯ ಆಸಿಡ್ಡೂ ಕಮ್ಮಿ, ಹಾಗಾಗಿ ನುಂಗಿದ್ದೆಲ್ಲ ರಕ್ತ ಸೇರುವುದಿಲ್ಲ. ಜೊತೆಗೆ ಮಲಬದ್ಧತೆ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 2 ಗಂಟೆ ಅಂತರ ಬೇಕು, ಚಹಾ ಜೊತೆಯಂತೂ ಬೇಡ (ಅಕ್ಕ ಕಟಿಂಗ್ ಚಹಾ ಜೊತೆಗೇ ನುಂಗುತ್ತಿದ್ದಳು!). ಡ್ರಿಪ್‌ಗೆ ಕರುಳಿನ ಹಂಗಿಲ್ಲ, ನೇರ ರಕ್ತಕ್ಕೆ. ದುಬಾರಿ, ಆಸ್ಪತ್ರೆಗೇ ಹೋಗಬೇಕು, ಅಪರೂಪಕ್ಕೆ ಅಲರ್ಜಿ. ಕೊರತೆ ಸ್ವಲ್ಪವಿದ್ದರೆ ಮೊದಲು ಮಾತ್ರೆ. ಸರಿಯಾಗಿ ನುಂಗಿಯೂ ಕಬ್ಬಿಣ ಏರದಿದ್ದರೆ ಡಾಕ್ಟರನ್ನು ಕೇಳಿ, ನನ್ನ ಓಟು ಡ್ರಿಪ್‌ಗೆ. ಸುಮ್ನೆ ಹಿಮೋಗ್ಲೋಬಿನ್ ಒಂದೇ ನೋಡಬೇಡಿ. ಮೈ ದಪ್ಪವಿದ್ದರೆ ಒಳಗಿನ ಉರಿಯೂತಕ್ಕೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ಸುಳ್ಳೇ ಚೆನ್ನಾಗಿ ಕಾಣಬಹುದು, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಅನ್ನೋ ಪರೀಕ್ಷೆ) ಕೂಡ ಮಾಡಿಸಿ.