ಇಂಡಕ್ಷನ್ ಒಲೆ, ಎರಡು ವರ್ಷದ ನಂತರ: ಅಮ್ಮನ ಬೊಟ್ಟು ಇಲ್ಲದಿದ್ದರೆ ಯಾವಾಗಲೋ ಮಾರಿರುತ್ತಿದ್ದೆ

ವ್ಯಾಟು, ವಾರಂಟಿ ಎಲ್ಲ ನೀವು ನೋಡಿರುತ್ತೀರಿ, ಬಿಡಿ. ನನ್ನ ತಕರಾರು ಟಚ್ ಪ್ಯಾನೆಲ್ ಮೇಲೆ.

ನಮ್ಮನೆಯಲ್ಲಿ ಐದೂವರೆಗೆ ಮೊದಲು ಏಳುವುದು ಅಮ್ಮ. ಲೈಟ್ ಹಾಕುವುದಿಲ್ಲ. ಡಿಕಾಕ್ಷನ್ ಇಳಿದಿದೆಯಾ ಎಂದು ಫಿಲ್ಟರ್ ಎತ್ತಿ ಭಾರದಲ್ಲೇ ತಿಳಿಯುತ್ತಾರೆ. ಹಾಲು ಕಾದಿದ್ದು ಸದ್ದಿನಲ್ಲೇ ಗೊತ್ತಾಗುತ್ತದೆ. ಗ್ಲಾಕೋಮಾದಿಂದ ಕಣ್ಣು ಮಂಜು, ಹಾಗಾಗಿ ಅರ್ಧ ಅಡುಗೆ ಬೆರಳಿನದು, ಕಿವಿಯದು. ಅಂಥವರಿಗೆ ನಾನು 2,900 ರೂಪಾಯಿ ಕೊಟ್ಟು ನುಣುಪು ಗಾಜು ತಂದಿಟ್ಟೆ!

ಗ್ಯಾಸ್ ಒಲೆಯ ನಾಬ್ ಎಷ್ಟು ತಿರುಗಿತು ಎಂದು ಕೈಗೇ ಗೊತ್ತಾಗುತ್ತಿತ್ತು. ಇಲ್ಲಿ ಆನ್, ಆಫ್, ಜಾಸ್ತಿ, ಕಡಿಮೆ ಎಲ್ಲಕ್ಕೂ ಒಂದೇ ಕುಂಯ್. ಒದ್ದೆ ಬೆರಳಿಗೆ ಜಗ್ಗುವುದಿಲ್ಲ. ಹಾಲು ಉಕ್ಕಿ ಪ್ಯಾನೆಲ್ ಮೇಲೆ ಹರಿದರಂತೂ ಆಫ್ ಬಟನ್ನೇ ಕೈಕೊಡುತ್ತದೆ. ಗೋಡೆಯ ಸ್ವಿಚ್ಚಿಗೆ ಓಡಬೇಕು.

ಮೊದಲ ತಿಂಗಳೇ ಮಾರಿಬಿಡೋಣ ಎಂದೆ. ಅಮ್ಮ ಸುಮ್ನೆ ಹರಳಿನ ಬೊಟ್ಟಿನ ಹಾಳೆ ತಂದರು. ಆನ್ ಕೆಳಗೆ ಒಂದು, ಜಾಸ್ತಿಗೆ ಎರಡು, ಕಡಿಮೆಗೆ ಮೂರು. ಈಗ ಬೆಳಗ್ಗೆ ಬೆರಳು ಬೊಟ್ಟು ತಡಕುತ್ತದೆ, ಕಿವಿ ಕುಂಯ್ ಎಣಿಸುತ್ತದೆ, ಕಾಫಿ ಆಗುತ್ತದೆ. ಒರೆಸಿ ಒರೆಸಿ ಬೊಟ್ಟು ಉದುರುತ್ತದೆ, ಭಾನುವಾರ ಹೊಸದು ಅಂಟಿಸುವುದು ನನ್ನ ಕೆಲಸ.

ಇದೇನು ಹೊಸ ವಿದ್ಯೆಯಲ್ಲ. ಕೀಬೋರ್ಡಿನ ಎಫ್, ಜೆ ಮೇಲೆ ಉಬ್ಬು ಗೆರೆ ಇದೆ. ಬಟನ್ ಫೋನಿನ 5ರ ಮೇಲೆ ಚುಕ್ಕೆ ಇರುತ್ತಿತ್ತು. 500ರ ನೋಟಿನ ಅಂಚಿಗೂ ಐದು ಗೆರೆ ಇದೆ. ಎಲ್ಲರೂ ಬಳಸಬಲ್ಲ ವಸ್ತುಗಳ ತಯಾರಿಕೆಗೆ ಸರ್ಕಾರ ಉತ್ತೇಜನ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್ನಿನಲ್ಲೇ ಇದೆ. ಒಲೆ ಮಾಡುವವರಿಗೆ ನಾಲ್ಕು ಉಬ್ಬು ಚುಕ್ಕೆ ಅಷ್ಟು ಭಾರವಾಯಿತಾ? ಕಸ್ಟಮರ್ ಕೇರಿನವರು ಕೇಳಿದ್ದು ಒಂದೇ, "ಮೇಡಂ, ಮನೆಯಲ್ಲಿ ಬೇರೆ ಯಾರಾದರೂ ಆನ್ ಮಾಡಿಕೊಡಬಹುದಲ್ವಾ?"

ಒಲೆ ಕೆಟ್ಟದ್ದಲ್ಲ, ಅದನ್ನೂ ಹೇಳಬೇಕು. ಹಾಲು ಬೇಗ ಕಾಯುತ್ತದೆ, ಪಾತ್ರೆ ಎತ್ತಿದರೆ ತಾನೇ ನಿಲ್ಲುತ್ತದೆ, ಸೆರಗಿಗೆ ಬೆಂಕಿಯ ಭಯವಿಲ್ಲ. ಅದಕ್ಕೇ ಮೂರು ಸ್ಟಾರ್. ಒತ್ತುವ ಬಟನ್ನಿನ ಮಾಡೆಲ್ 600 ರೂಪಾಯಿ ಕಡಿಮೆಗೇ ಇತ್ತು. ಹಳೇ ಫ್ಯಾಷನ್ ಎಂದು ಬಿಟ್ಟು ಬಂದವಳು ನಾನೇ.