ಸಪ್ತಾಪುರ, ಮಾಳಮಡ್ಡಿ, ಸತ್ತೂರು: ಧಾರವಾಡದ ಮೂರು ಬಾಡಿಗೆಗಳು

ಧಾರವಾಡದಲ್ಲಿ ಖೋಲಿ ನೋಡಲು ಹೋದವರು ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ನಾನೂ ಅದನ್ನೇ ಕೇಳಿದೆ. ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮೊದಲು ಕೇಳಬೇಕಿತ್ತೆಂದು ತಿಳಿಯುವಷ್ಟರಲ್ಲಿ ಒಂದು ವರ್ಷವೂ ಅರ್ಧ ಡಿಪಾಸಿಟ್ಟೂ ಹೋಗಿದ್ದವು.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಲು ಬಂದೆ. ಮುಗಿದ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ನೆಪದಲ್ಲಿ ಉಳಿದೆ. ಹಾಗಾಗಿ ಮೂರು ವರ್ಷಗಳಲ್ಲಿ ಮೂರು ಥರದ ಬಾಡಿಗೆ ಅನುಭವಿಸಿದ್ದಾಯಿತು: ಸಪ್ತಾಪುರದ ಪಿ.ಜಿ., ಮಾಳಮಡ್ಡಿಯ ಹಳೆಯ ಮನೆಯೊಂದರ ಹಿಂದಿನ ಖೋಲಿ, ಸತ್ತೂರಿನ ಕಡೆ ಮೂವರು ಕೂಡಿ ಹಿಡಿದ ಮನೆ. ಪರೀಕ್ಷೆಯ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ. ಬಾಡಿಗೆಯ ವಿಷಯದಲ್ಲಿ ಮಾತ್ರ ನಾನು ತೇರ್ಗಡೆಯಾದೆ ಎಂದುಕೊಂಡಿದ್ದೇನೆ.

ಸಪ್ತಾಪುರಕ್ಕೆ ಎಲ್ಲರೂ ಮೊದಲು ಹೋಗುತ್ತಾರೆ. ಕೋಚಿಂಗ್ ಕ್ಲಾಸುಗಳು, ಗಂಟೆಗಟ್ಟಲೆ ಕುಳಿತು ಓದುವ ಬಾಡಿಗೆ ವಾಚನಾಲಯಗಳು, ಝೆರಾಕ್ಸ್ ಅಂಗಡಿಗಳು, ಖಾನಾವಳಿಗಳು ಎಲ್ಲವೂ ಅಲ್ಲೇ. ತಿಂಡಿ, ಎರಡು ಊಟ ಸೇರಿ ತಿಂಗಳಿಗೆ 5,500 ರೂಪಾಯಿ, ಖೋಲಿಗೆ ನಾಲ್ವರು. ನೀರಿನ ಚಿಂತೆ ಇರಲಿಲ್ಲ, ಏಕೆಂದರೆ ಮಾಲೀಕರು ಟ್ಯಾಂಕರ್ ತರಿಸುತ್ತಿದ್ದರು. ಚಿಂತೆ ಇದ್ದದ್ದು ಗೋಡೆಯದು. ಅದು ಪ್ಲೈವುಡ್ಡಿನದು. ಆ ಕಡೆಯವನು ಬೆಳಗಿನ ಐದಕ್ಕೆ ಎದ್ದು ಸಂವಿಧಾನದ ವಿಧಿಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಮುನ್ನೂರ ಇಪ್ಪತ್ನಾಲ್ಕನೆಯ ವಿಧಿ ಚುನಾವಣಾ ಆಯೋಗದ್ದು ಎಂದು ನನಗೆ ಇಂದಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಅದಕ್ಕೆ ಅವನಿಗೆ ಋಣಿ. ರೊಟ್ಟಿ ಮಧ್ಯಾಹ್ನ ಮಾತ್ರ. ರಾತ್ರಿಯ ಸಾರಿನಲ್ಲಿ ಬೇಳೆ ಹುಡುಕುವುದು ಸಾಮಾನ್ಯ ಜ್ಞಾನಕ್ಕೆ ಸೇರಿದ ವಿಷಯವಾಗಿತ್ತು. ಭಾನುವಾರ ರಾತ್ರಿ ಅಡುಗೆ ಇಲ್ಲ ಎಂಬುದನ್ನು ಸೇರುವಾಗ ಯಾರೂ ಹೇಳುವುದಿಲ್ಲ. ಬಿಡುವಾಗ ಬಣ್ಣದ ಖರ್ಚು, ಸ್ವಚ್ಛತೆಯ ಖರ್ಚು ಎಂದು ಡಿಪಾಸಿಟ್ಟಿನಲ್ಲಿ ಅರ್ಧ ಹೋಯಿತು. ಗೋಡೆಯೇ ಇಲ್ಲದ ಖೋಲಿಗೆ ಬಣ್ಣ ಎಲ್ಲಿ ಬಳಿದರೋ.

ಆದರೂ ಸಪ್ತಾಪುರವನ್ನು ಪೂರ್ತಿ ಬೈಯಲಾರೆ. ರಾತ್ರಿ ಹನ್ನೊಂದಕ್ಕೆ ಚಹಾ ಕುಡಿಯುತ್ತ ನಿಂತರೆ ಪಕ್ಕದಲ್ಲಿ ರಾಯಚೂರಿನವನು, ವಿಜಯಪುರದವನು, ಹಾವೇರಿಯವಳು, ಎಲ್ಲರ ಕೈಯಲ್ಲೂ ಒಂದೇ ನೋಟ್ಸು. ಪರೀಕ್ಷೆಗೆ ಆರು ತಿಂಗಳಿದ್ದಾಗ ಆ ಗಾಳಿ ಬೇಕು. ಅದಕ್ಕಿಂತ ಹೆಚ್ಚು ಕಾಲ ಅದನ್ನೇ ಉಸಿರಾಡಿದರೆ ಮನುಷ್ಯ ಬಹುಆಯ್ಕೆಯ ಪ್ರಶ್ನೆಯಾಗುತ್ತಾನೆ.

ಎರಡನೆಯ ವರ್ಷ ನಾನೂ ಒಬ್ಬ ಗೆಳೆಯನೂ ಮಾಳಮಡ್ಡಿಯಲ್ಲಿ ಹುಡುಕಲು ಹೊರಟೆವು. ರೈಲು ನಿಲ್ದಾಣದ ಆ ಕಡೆಯ ಹಳೆಯ ಬಡಾವಣೆ: ಮಂಗಳೂರು ಹೆಂಚಿನ ಮನೆಗಳು, ಕಟ್ಟೆ, ಹಿತ್ತಲು, ಸಂಜೆ ಎಲ್ಲಿಂದಲೋ ತಂಬೂರಿಯ ಶ್ರುತಿ. ಮೊದಲ ಬಾಗಿಲಲ್ಲೇ ‘ಯಾವ ಊರು?’ ಎಂದರು. ಎರಡನೆಯ ಪ್ರಶ್ನೆ, ‘ನೀವು ಯಾರ ಪೈಕಿ?’ ಈ ಊರಿನ ಬಾಡಿಗೆಯ ನಿಜವಾದ ಪ್ರವೇಶ ಪರೀಕ್ಷೆ ಇದು. ಪ್ರಶ್ನೆ ಒಂದೇ, ಎರಡನೆಯ ಅವಕಾಶವಿಲ್ಲ. ನಾನು ಪಾಸಾದೆ. ಗೆಳೆಯನ ಉತ್ತರ ಕೇಳಿದ ಮೇಲೆ ‘ಈಗಷ್ಟೇ ಬೇರೆಯವರಿಗೆ ಮಾತು ಕೊಟ್ಟೆವು’ ಎಂದರು. ಮೂರು ಓಣಿಗಳಲ್ಲಿ ಮೂರು ಮನೆಗಳವರು ಆ ದಿನವೇ ಬೇರೆಯವರಿಗೆ ಮಾತು ಕೊಟ್ಟಿದ್ದರು. ನಾಲ್ಕನೆಯ ಮನೆಗೆ ಅವನು ಬರಲಿಲ್ಲ, ಓಣಿಯ ತುದಿಯಲ್ಲಿ ನಿಂತು ನನ್ನನ್ನು ಒಳಗೆ ಕಳಿಸಿದ. ನಾನು ಹೋದೆ. ಆ ಖೋಲಿಯನ್ನೇ ಹಿಡಿದೆ ಕೂಡ. ಇದನ್ನು ಹೇಳದೆ ಮಾಳಮಡ್ಡಿಯನ್ನು ಹೊಗಳಿದರೆ ಸುಳ್ಳಾಗುತ್ತದೆ.

ಮೂರು ಸಾವಿರ ಬಾಡಿಗೆ, ಹತ್ತು ಸಾವಿರ ಡಿಪಾಸಿಟ್, ಹನ್ನೊಂದು ತಿಂಗಳ ಕರಾರು. ಹನ್ನೊಂದೇ ಏಕೆಂದು ಕೇಳಿದಾಗ ಮನೆಯ ಅಜ್ಜಿ ‘ಹಾಗೇ ಪದ್ಧತಿ’ ಎಂದರು. ಪದ್ಧತಿಯ ಹಿಂದೆ 1908ರ ನೋಂದಣಿ ಕಾಯ್ದೆ ಇದೆ: ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯಾದರೆ ಉಪನೋಂದಣಿ ಕಚೇರಿಗೆ ಹೋಗಿ ನೋಂದಾಯಿಸಲೇಬೇಕು. ಹನ್ನೊಂದಕ್ಕೆ ನಿಲ್ಲಿಸಿದರೆ ಇಬ್ಬರಿಗೂ ಖರ್ಚು, ಓಡಾಟ ಉಳಿಯುತ್ತದೆ.

ನೀರಿನ ಪಾಠ ಕಲಿತದ್ದು ಇಲ್ಲಿ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಿಂದಲೇ ದಿನದ ಇಪ್ಪತ್ನಾಲ್ಕು ಗಂಟೆ ನೀರು ಬರುತ್ತದೆ ಎಂದು ಓದಿದ್ದೆ. ನನ್ನ ಓಣಿ ಆ ಭಾಗ್ಯಕ್ಕೆ ಸೇರಿರಲಿಲ್ಲ. ಮಲಪ್ರಭೆ ಸವದತ್ತಿಯ ಜಲಾಶಯದಿಂದ ಹೊರಟು ನಮ್ಮ ಹಿತ್ತಲಿಗೆ ಬರಲು ಐದಾರು ದಿನ ತೆಗೆದುಕೊಳ್ಳುತ್ತಿದ್ದಳು, ಅದೂ ಒಮ್ಮೊಮ್ಮೆ ನಡುರಾತ್ರಿ. ನಳ ಗೊರಗೊರ ಎಂದ ಕೂಡಲೇ ಅಜ್ಜಿ ಬಾಗಿಲು ಬಡಿಯುತ್ತಿದ್ದರು. ಮೊದಲು ಅವರ ಹಂಡೆ, ಆಮೇಲೆ ನನ್ನ ಎರಡು ಡ್ರಮ್ಮು. ಸ್ನಾನಕ್ಕೆ ಒಂದೂವರೆ ಬಕೆಟ್ ಸಾಕೆಂಬುದು ತಿಂಗಳಲ್ಲಿ ಅಭ್ಯಾಸವಾಯಿತು. ಜೂನ್ ಹಿಡಿದರೆ ಜಿಟಿಜಿಟಿ ಮಳೆ ಆಗಸ್ಟಿನವರೆಗೆ ಬಿಡುವುದಿಲ್ಲ. ಬಟ್ಟೆ ಮೂರು ದಿನಕ್ಕೂ ಒಣಗದು, ಪುಸ್ತಕದ ಹೊದಿಕೆಗೆ ಬೂಸಲು. ಹೊರಗೆ ಇಷ್ಟು ನೀರು ಸುರಿಯುವಾಗ ನಳ ಬತ್ತಿರುವುದನ್ನು ನೋಡಿ ಅಜ್ಜಿ ನಗರಪಾಲಿಕೆಗೆ ಕೊಡುತ್ತಿದ್ದ ಬಿರುದುಗಳು ಅಚ್ಚಿಗೆ ಯೋಗ್ಯವಲ್ಲ.

ಒಂಬತ್ತೂವರೆಗೆ ಗೇಟು ಮುಚ್ಚುತ್ತಿತ್ತು. ಮೊಟ್ಟೆ ಇಲ್ಲ, ಗೆಳತಿಯರಂತೂ ಇಲ್ಲವೇ ಇಲ್ಲ, ಗೆಳೆಯರೂ ಕಟ್ಟೆಯ ಮೇಲೆಯೇ ಮಾತಾಡಿ ಹೋಗಬೇಕು. ಇಷ್ಟಾಗಿಯೂ ನಾನು ಅತಿ ಹೆಚ್ಚು ಓದಿದ್ದು ಆ ವರ್ಷ. ದಪ್ಪ ಮಣ್ಣಿನ ಗೋಡೆ, ಏಪ್ರಿಲ್‌ನಲ್ಲೂ ತಂಪು. ಜ್ವರ ಬಂದ ದಿನ ಕೇಳದೆಯೇ ಗಂಜಿ ಬಂತು. ಅಮಾವಾಸ್ಯೆಗೆ ಹೋಳಿಗೆ ಬಂತು. ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು ಉಂಡು ಬಂದರೆ ಸಂಜೆಯವರೆಗೆ ಹಸಿವಿಲ್ಲ. ಎಲ್ಲ ಸೇರಿ ತಿಂಗಳ ಖರ್ಚು ಪಿ.ಜಿ.ಗಿಂತ ಸಾವಿರ ರೂಪಾಯಿ ಹೆಚ್ಚೇ. ‘ಅಗ್ಗದ ಖೋಲಿ’ ಎಂಬುದು ಊಟದ ಲೆಕ್ಕ ಬರೆಯದವರ ಮಾತು.

ಗೆಳೆಯ ಅಷ್ಟರಲ್ಲಿ ಸತ್ತೂರಿನ ಕಡೆಯ ಹೊಸ ಬಡಾವಣೆಯಲ್ಲಿ ಮನೆ ಹಿಡಿದಿದ್ದ. ಆ ಮನೆಯ ಮಾಲೀಕರು ಇರುವುದು ಬೆಂಗಳೂರಿನಲ್ಲಿ. ಅವರು ಕೇಳಿದ್ದು ಒಂದೇ, ಬಾಡಿಗೆ ಐದನೆಯ ತಾರೀಖಿನೊಳಗೆ ಬರುತ್ತದೆಯೇ ಎಂದು. ಮೂರನೆಯ ವರ್ಷ, ಕರಾರು ಮುಗಿದಾಗ, ನಾನೂ ಅಲ್ಲಿಗೆ ಸೇರಿದೆ. ಒಂಬತ್ತು ಸಾವಿರ, ಮೂವರಿಗೆ ಹಂಚಿದರೆ ತಲಾ ಮೂರು. ಅಲ್ಲಿ ಬೋರ್‌ವೆಲ್ ನೀರು: ದಿನವೂ ಉಂಟು, ಆದರೆ ಗಡಸು. ಪಾತ್ರೆಗೆ ಬಿಳಿ ಪದರ, ತಲೆಗೂದಲು ಕತ್ತದ ನಾರು, ಬೇಳೆ ಎಷ್ಟು ಸೀಟಿ ಹೊಡೆದರೂ ಬೇಯದು. ಕುಡಿಯುವ ನೀರನ್ನು ಕ್ಯಾನಿನಲ್ಲಿ ಹೊತ್ತೆವು.

ದೂರದ ಲೆಕ್ಕದಲ್ಲಿ ನಾನು ಎಡವಿದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಹಾದಿ ಹತ್ತಿರವಿದೆ ಎಂದು ಹಿಗ್ಗಿದ್ದೆ. ಅದೇನೋ ನಿಜ, ತಂಪಾದ ಬಸ್ಸು, ತನ್ನದೇ ದಾರಿ, ಜ್ಯುಬಿಲಿ ವೃತ್ತಕ್ಕೆ ಸರಾಗ. ಆದರೆ ವಿಶ್ವವಿದ್ಯಾಲಯ ಆ ಹಾದಿಯ ಮೇಲಿಲ್ಲ. ಜ್ಯುಬಿಲಿ ವೃತ್ತದಲ್ಲಿ ಇಳಿದು ಇನ್ನೊಂದು ಬಸ್ಸು ಕಾಯಬೇಕು. ಆ ಕಾಯುವಿಕೆ ಇಡೀ ಪ್ರಯಾಣಕ್ಕಿಂತ ಉದ್ದ. ಹುಬ್ಬಳ್ಳಿಯಲ್ಲಿ ಕೆಲಸವಿದ್ದವರಿಗೆ ಸತ್ತೂರು ಬಂಗಾರ. ಓದುವವರಿಗೆ ಬೈಕಿಲ್ಲದೆ ಆಗದು.

ವಿದ್ಯುತ್ತಿನಲ್ಲಿ ಮಾತ್ರ ಸತ್ತೂರು ಗೆದ್ದಿತು. 2023ರ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಮನೆಗೆ ಬೇರೆ ಮೀಟರ್ ಇತ್ತು, ಗೆಳೆಯನ ಆಧಾರ್ ಜೋಡಿಸಿದೆವು, ಬಿಲ್ಲು ಸೊನ್ನೆ. ಪಿ.ಜಿ.ಯಲ್ಲೋ ಅಜ್ಜಿಯ ಖೋಲಿಯಲ್ಲೋ ಇದ್ದಿದ್ದರೆ ಮೀಟರ್ ಮಾಲೀಕರದೇ. ಮನೆ ಬಿಡುವಾಗ ಆ ಜೋಡಣೆ ತೆಗೆಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ನಿಮ್ಮ ಹೆಸರಿಗೆ ಸೌಲಭ್ಯ ಸಿಗುವುದಿಲ್ಲ.

ಅಡುಗೆ ನಾವೇ. ರೊಟ್ಟಿ ಬಡಿಯಲು ಮೂವರಿಗೂ ಬಾರದು, ಹೆಂಗಸರು ನಡೆಸುವ ರೊಟ್ಟಿ ಕೇಂದ್ರದಿಂದ ಕಟಕ ರೊಟ್ಟಿಯ ಕಟ್ಟು ತಂದಿಟ್ಟರೆ ಹದಿನೈದು ದಿನ ನಿಶ್ಚಿಂತೆ. ಪಾತ್ರೆ ತೊಳೆಯುವ ಸರದಿಗೆ ಆದ ಜಗಳಗಳು ಮೂರು ವರ್ಷದ ಉಳಿದೆಲ್ಲ ಜಗಳಗಳಿಗಿಂತ ಹೆಚ್ಚು. ಓದು ಅರ್ಧಕ್ಕಿಳಿಯಿತು, ನಗು ದುಪ್ಪಟ್ಟಾಯಿತು.

ಎಂ.ಎ.ಗೆ ಬರುವವರು ನನ್ನನ್ನು ಕೇಳಿದರೆ, ಬಾಗಿಲು ತೆರೆದರೆ ಮಾಳಮಡ್ಡಿ ಎನ್ನುತ್ತೇನೆ, ಎರಡು ದೊಡ್ಡ ಡ್ರಮ್ಮಿನ ಸಮೇತ. ಪರೀಕ್ಷೆಯ ಅಧಿಸೂಚನೆ ಹೊರಬಿದ್ದ ಮೇಲೆ ಆರು ತಿಂಗಳಿಗೆ ಸಪ್ತಾಪುರ. ತೀರಾ ಬಡವರ ಮಕ್ಕಳಿಗೆ ಮುರುಘಾಮಠದಂಥ ಪ್ರಸಾದ ನಿಲಯಗಳು ತಲೆಮಾರುಗಳಿಂದ ಅನ್ನ, ನೆರಳು ಕೊಟ್ಟಿವೆ, ಅಲ್ಲಿ ಮೊದಲು ವಿಚಾರಿಸಬೇಕು.

ಸತ್ತೂರಿನ ಮನೆಯ ಕರಾರು ಈಗಲೂ ಗೆಳೆಯನ ಹೆಸರಿನಲ್ಲಿದೆ. ನಾನು ಬಿಟ್ಟ ಜಾಗಕ್ಕೆ ಹುಡುಗರು ಬಂದು ನೋಡುತ್ತಿದ್ದಾಗ ನಾನೂ ಅಲ್ಲೇ ಚೀಲ ಕಟ್ಟುತ್ತಿದ್ದೆ. ನೀರು ಗಡಸು, ಬಸ್ಸು ಎರಡು, ಮಾಲೀಕರು ದೂರ ಎಂದು ಅವನು ಎಲ್ಲವನ್ನೂ ಮೊದಲೇ ಹೇಳಿದ. ಊರು ಯಾವುದೆಂದು ಕೂಡ ಕೇಳಲಿಲ್ಲ. ಕೇಳಿದ್ದು ಒಂದೇ: ‘ರೊಟ್ಟಿ ಬಡಿಯಲು ಬರುತ್ತದೆಯೇ?’